ನಾಲ್ಕನೇ ಪ್ಯಾಸೇಜು

ಹನ್ನೆರಡು ನಿಮಿಷ. ಮೊಬೈಲಿನಲ್ಲಿ ಟೈಮರ್ ಒತ್ತಿ
ತಗಡಿನ ಕೆಳಗೆ ಕೂತಿದ್ದೇನೆ, ಬೆನ್ನಿಗೆ ಮಂಡಕ್ಕಿ ಚೀಲ.
ಗೋಡೆಯಾಚೆ ಭಟ್ಟಿ. ಕಾದ ಮರಳಿನೊಳಗೆ ಅಕ್ಕಿ ಅರಳುವ ಸದ್ದು,
ಯಾರೋ ಒಂದೇ ಸಮ ಪುಟ ತಿರುವುತ್ತಿರುವ ಹಾಗೆ.

ಪುಸ್ತಕ ತಸ್ಲೀಮಳದು. ಹೋದ ವರ್ಷ ಬರೆದು
ಎರಡು ಅಂಕಕ್ಕೆ ತಪ್ಪಿ
ಈಗ ಹರಿಹರದ ಲ್ಯಾಬೊಂದರಲ್ಲಿ ರಕ್ತ ತೆಗೆಯುತ್ತಾಳೆ.
ಕೊಡುವ ಮುಂಚೆ ಉತ್ತರಗಳನ್ನೆಲ್ಲ ಅಳಿಸಿದ್ದಾಳೆ,
ಪೆನ್ಸಿಲಿನ ತಗ್ಗು ಮಾತ್ರ ಹೋಗಿಲ್ಲ.
ಬೆಳಕಿಗೆ ಓರೆ ಹಿಡಿದರೆ ಕಾಣುತ್ತದೆ
ಎಲ್ಲಿ ಅನುಮಾನಿಸಿದಳು, ಎಲ್ಲಿ ಗಟ್ಟಿಯಾಗಿ ಒತ್ತಿದಳು.
ನೋಡಬಾರದು ಅಂದುಕೊಳ್ಳುತ್ತೇನೆ. ನೋಡುತ್ತೇನೆ.

ಒಂದನೆಯದು ತಿಮಿಂಗಿಲ, ಎರಡನೆಯದು ಬ್ಯಾಂಕು,
ಮೂರು ಯಾವುದೋ ತತ್ವ. ಒಂದೇ ವಾಕ್ಯ ಏಳು ಸಾಲು,
ಅಶೋಕ ರಸ್ತೆಯ ಗೇಟಿನಲ್ಲಿ ಗೂಡ್ಸ್ ಗಾಡಿ ಹಾಯುವ ಹಾಗೆ
ಡಬ್ಬಿಯ ಹಿಂದೆ ಡಬ್ಬಿ, ಡಬ್ಬಿಯ ಹಿಂದೆ ಡಬ್ಬಿ.
ನಾನು ಕನ್ನಡದವಳು, ಕ್ರಿಯಾಪದಕ್ಕೆ ಕೊನೆಯಲ್ಲಿ ಕಾಯುವವಳು.
ಅದೋ ಮೊದಲ ಸಾಲಿನಲ್ಲೇ ದಾಟಿ
ಹುಬ್ಬಳ್ಳಿ ಕಡೆ ಹೋಗಿಬಿಟ್ಟಿತ್ತು.

ನಾಲ್ಕರಲ್ಲಿ ಒಬ್ಬ ಮುದುಕ. ಕಡಲ ನಡುವೆ ಬಂಡೆ,
ಬಂಡೆಯ ಮೇಲೆ ದೀಪದ ಗೋಪುರ.
ಮೂವತ್ತೊಂದು ವರ್ಷ ಎಣ್ಣೆ ತುಂಬಿ, ಬತ್ತಿ ಕತ್ತರಿಸಿ,
ಹಡಗುಗಳಿಗೆ ಬೆಳಕು ತೋರಿದವನು.
ಈಗ ಕಾಗದ ಬಂದಿದೆ: ಸೋಮವಾರದಿಂದ ದೀಪ
ತಾನೇ ಹತ್ತುತ್ತದೆ, ತಾನೇ ಆರುತ್ತದೆ.
ಅವನು ಕಾಗದ ಮಡಿಸಿಟ್ಟು ಮೆಟ್ಟಿಲು ಹತ್ತಿ
ಗಾಜು ಒರೆಸತೊಡಗಿದ.
ಅಷ್ಟೇ. ಕೆಳಗೊಂದು ಗೆರೆ. ಗೆರೆಯ ಕೆಳಗೆ ಪ್ರಶ್ನೆ ಹದಿನಾರು:
ಲೇಖಕನ ಧಾಟಿ ಯಾವುದು?
ಎ, ಹಳಹಳಿಕೆ. ಬಿ, ವ್ಯಂಗ್ಯ. ಸಿ, ಉದಾಸೀನ.
ಡಿ, ಆಂಬಿವಲೆಂಟ್.
ಡಿ ನನಗೆ ಗೊತ್ತಿಲ್ಲ. ತಸ್ಲೀಮಳ ತಗ್ಗು
ಎ ಮೇಲೂ ಇದೆ, ಡಿ ಮೇಲೂ.

ಅವ್ವ ಬಂದಳು, ಹುಬ್ಬಿನವರೆಗೂ ಹೊಟ್ಟಿನ ಬೂದಿ.
ನೀರು ಕುಡಿದು, ಚೊಂಬು ಹಿಡಿದೇ, "ಏನೈತೆ ಅದ್ರಾಗೆ?"
ಟೈಮರ್ ಓಡುತ್ತಿತ್ತು. ಆದರೂ ಹೇಳಿದೆ.
ಕಡಲು ಅಂದರೆ ಸೂಳೆಕೆರೆಗಿಂತ ದೊಡ್ಡದು ಅಂದದ್ದಕ್ಕೆ
"ಟೀವ್ಯಾಗೆ ನೋಡೀನಿ, ಮುಂದಕ್ಕೆ ಹೇಳು" ಅಂದಳು.
ಗಾಜು ಒರೆಸುವವರೆಗೆ ಹೇಳಿ ನಿಲ್ಲಿಸಿದೆ.
"ಆಮೇಲೆ ಏನಾತು?"
ಆಮೇಲೆ ಇಲ್ಲವ್ವ, ಇಷ್ಟೇ ಕೊಟ್ಟಿರೋದು.
"ಅದೆಂಗೆ? ಇಳಿದು ಎಲ್ಲಿಗೆ ಹೋದ?
ದುಡ್ಡು ಗಿಡ್ಡು ಏನಾರ ಕೊಟ್ರಾ?
ಹೋಗೋನು ಮತ್ತೆ ಗಾಜ್ಯಾಕೆ ಒರೆಸಿದ?"
ಹದಿನಾರರಿಂದ ಇಪ್ಪತ್ತರವರೆಗೆ ಬೆರಳಿಟ್ಟು ನೋಡಿದೆ.
ಈ ಮೂರರಲ್ಲಿ ಒಂದೂ ಇರಲಿಲ್ಲ.

ಡಿಕ್ಷನರಿ ಹೇಳಿತು: ಪರಸ್ಪರ ವಿರುದ್ಧ ಭಾವಗಳುಳ್ಳ.
ಅದನ್ನೂ ಓದಿ ಹೇಳಿದೆ.
"ಎತ್ತು ಏರಿಗೆಳೀತು, ಕೋಣ ನೀರಿಗೆಳೀತು ಅನ್ನು.
ಹಂಗೇ ಬರಿ" ಅಂದಳು.
ಬರೆಯಲು ಜಾಗವಿಲ್ಲ, ದುಂಡಗೆ ಕಪ್ಪು ತುಂಬಬೇಕು ಅಷ್ಟೇ.
ಡಿ ತುಂಬಿದೆ. ಟೈಮರ್ ಕೂಗಿತು. ಇನ್ನೂ ನಾಲ್ಕು ಪ್ರಶ್ನೆ ಖಾಲಿ.
ಹಿಂದಿನ ಪುಟದ ಉತ್ತರಪಟ್ಟಿಯಲ್ಲಿ: ಎ.

ದೀಪಾವಳಿ ಕಳೆದ ಮೇಲೆ ಭಟ್ಟಿಗೆ ಮೆಷಿನ್ನು ತರುತ್ತಾರಂತೆ.
ಮಾಲೀಕರ ಹುಡುಗ ಫೋನಿನಲ್ಲಿ ರೇಟು ಕೇಳುತ್ತಿದ್ದದ್ದು
ನನ್ನ ಕಿವಿಗೆ ಬಿದ್ದಿದೆ.
ಅವ್ವನ ಕಿವಿಗೆ ಬಿದ್ದಿದೆಯೋ?
ಕೊಟ್ಟಿರುವ ಮಾಹಿತಿಯಿಂದ ನಿರ್ಧರಿಸಲಾಗದು.

ರಾತ್ರಿ ಕರೆಂಟು ಹೋದಾಗ, ನಿದ್ದೆ ಬಂತೆಂದುಕೊಂಡಿದ್ದೆ,
ಕತ್ತಲಲ್ಲಿ ಅಂದಳು:
"ಮಗಳ ಮನೀಗೆ ಹೋಗಿರ್ತಾನೆ ಕಣೆ ಅವನು.
ಆದ್ರೂ ಬತ್ತಿ ನೋಡೋ ಹೊತ್ತಿಗೆ ಎಚ್ಚರಾಗಿರುತ್ತೆ."
ಹೊರಳಿ ಮಲಗಿದಳು. ಕೂದಲಿನಿಂದ ಹೊಗೆಯ ವಾಸನೆ.

ಐದನೆಯದು ಜೇನುಹುಳುಗಳ ಬಗ್ಗೆ.
ಬೆಳಿಗ್ಗೆ ನೋಡಿದರಾಯಿತು.